ಬಲಗಾಲು ಅಳೆದಿದ್ದೇನೆ, ಎಡಗಾಲೂ ಅಷ್ಟೇ

ಜೂನ್ 3

ಕತ್ತರಿ ಸಾಮ್ರಾಜ್ಞಿ, ಸಕಲ ಗುಂಡಿ-ಕಾಜಾಗಳ ಒಡತಿ, ನನ್ನ ಏಕಮಾತ್ರ ಸೋದರತ್ತೆಯವರ ಪಾದಾರವಿಂದಗಳಿಗೆ—

ಪಾದಾರವಿಂದ ಎಂದು ಈ ಸಲ ಸುಮ್ಮನೆ ಬರೆದಿಲ್ಲ. ವಿಷಯವೇ ಪಾದದ್ದು.

ತಮ್ಮ ಅಣ್ಣನ ಮಗಳಾದ ನಾನು ಇಷ್ಟು ದಿನ ಈ ಸರ್ಜಿಕಲ್ ಸಾಮಾನಿನ ಅಂಗಡಿಯಲ್ಲಿ ಊರುಗೋಲು, ಸೊಂಟದ ಬೆಲ್ಟುಗಳ ಧೂಳು ಒರೆಸಿಕೊಂಡಿದ್ದೆ. ಮೊನ್ನೆ ಬಡ್ತಿ ಸಿಕ್ಕಿತು. ಇನ್ನು ಮೇಲೆ ನಾನು ಕಾಲು ಅಳೆಯುವವಳು. ನಗಬೇಡ. ಕಂಪ್ರೆಷನ್ ಸಾಕ್ಸ್ ಎಂಬ ಬಿಗಿ ಕಾಲುಚೀಲ ಇದೆ. ಕಾಲಗಂಟಿನ ಹತ್ತಿರ ಹೆಚ್ಚು ಬಿಗಿ, ಮೇಲೆ ಹೋದ ಹಾಗೆ ಕಡಿಮೆ. ಕೆಳಗಿಳಿದು ಸೋಮಾರಿಯಾಗಿ ಕೂತ ರಕ್ತವನ್ನು, ಏಳಪ್ಪಾ, ಮೇಲೆ ನಡಿ ಎಂದು ಎಬ್ಬಿಸಿ ಕಳಿಸುವುದು ಅದರ ಕೆಲಸ. ದಿನವಿಡೀ ನಿಂತು ದುಡಿಯುವವರು ಕೊಳ್ಳುತ್ತಾರೆ. ದಿನವಿಡೀ ನಿಂತು ದುಡಿಯುವವರು ಯಾರಪ್ಪಾ ಅಂತ ಯೋಚಿಸಿದೆ.

ರಜಕ್ಕೆ ಬಂದಾಗ ನೋಡಿದ್ದೇನೆ. ಸಂಜೆಯಾಗುತ್ತಲೇ ಕಟಿಂಗ್ ಟೇಬಲ್ ಪಕ್ಕ ಒಮ್ಮೆ ಆ ಕಾಲು, ಒಮ್ಮೆ ಈ ಕಾಲು ಎತ್ತಿ ಕೊಕ್ಕರೆ ಹಾಗೆ ನಿಲ್ಲುತ್ತೀಯ. ಚಪ್ಪಲಿ ಪಟ್ಟಿಯ ಗುರುತು ಪಾದದ ಮೇಲೆ ಹಾಗೇ ಉಳಿದಿರುತ್ತದೆ. ಏನತ್ತೆ ಇದು ಅಂದರೆ "ಬಿಸಿಲಿಗೆ" ಅಂದೆ. ಅಂಗಡಿ ಒಳಗೆ ಯಾವ ಬಿಸಿಲು?

ಆದ್ದರಿಂದ ಅಳತೆ ಕಳಿಸತಕ್ಕದ್ದು. ಬೆಳಗ್ಗೆ ಎದ್ದ ಕೂಡಲೇ, ಕಾಲು ಊದಿಕೊಳ್ಳುವ ಮೊದಲು: ಕಾಲಗಂಟಿನ ಮೇಲೆ ಅತಿ ಸಣ್ಣಗಿರುವ ಕಡೆ ಒಂದು ಸುತ್ತು, ಮೀನಖಂಡ ಅತಿ ದಪ್ಪಗಿರುವ ಕಡೆ ಒಂದು ಸುತ್ತು, ಹಿಮ್ಮಡಿಯಿಂದ ಮೊಣಕಾಲಿನ ಮಡಿಕೆವರೆಗೆ ಉದ್ದ. ಎರಡೂ ಕಾಲಿನದು. ಇಲ್ಲಿ ನನಗೆ ಕೆಲಸ ಕಲಿಸುವ ಸಿಸ್ಟರಮ್ಮ (ಆಸ್ಪತ್ರೆಯಲ್ಲಿ ನರ್ಸ್ ಆಗಿ ನಿವೃತ್ತರಾದವರು, ನನ್ನ ಒಂದೂ ತಮಾಷೆಗೆ ಇದುವರೆಗೆ ನಕ್ಕಿಲ್ಲ) ಇನ್ನೂ ಕೇಳುತ್ತಾರೆ: ಸಕ್ಕರೆ ಕಾಯಿಲೆ ಇದೆಯೇ? ಪಾದ ತಣ್ಣಗಾಗುತ್ತದೆಯೇ, ಮರಗಟ್ಟುತ್ತದೆಯೇ? ವಾಸಿಯಾಗದ ಗಾಯವಿದೆಯೇ? ಹೃದಯದ ತೊಂದರೆ? ಒಂದಕ್ಕೆ ಹೌದು ಅಂದರೂ ಡಾಕ್ಟರನ್ನು ಕೇಳದೆ ಕೊಡುವುದಿಲ್ಲವಂತೆ. ಹರಿಯುವ ರಕ್ತವೇ ಕಡಿಮೆ ಇರುವ ಕಾಲಿಗೆ ಬಿಗಿ ಹಾಕಿದರೆ ಕಾಲಿಗೇ ಕುತ್ತು.

ಕೊನೆಗೊಂದು ದೂರು. ಈ ಊರಿನ ದರ್ಜಿಗಳಿಗೆ ತೋಳು ಹೊಲಿಯಲು ಬರುವುದಿಲ್ಲ. ಎರಡು ಅಂಗಡಿಯಲ್ಲಿ ಅಂಗಿ ಹೊಲಿಸಿದೆ, ಎರಡರಲ್ಲೂ ಎಡತೋಳು ಇಳಿದು ಬೆರಳು ಮುಚ್ಚುತ್ತದೆ. ಇಬ್ಬರೂ ಸೇರಿ ಏನೋ ಮಸಲತ್ತು ಮಾಡಿದ್ದಾರೆ ಎಂಬುದು ನನ್ನ ಗುಮಾನಿ.

ಇಲ್ಲಿ ನಾನೂ ನನ್ನ ಎರಡು ಕಾಲೂ ಕ್ಷೇಮ.

ಇಂತು,
ಪಾದಪರಿಮಾಣ ಪ್ರವೀಣೆ,
ಕೋತಿ

*

ಜೂನ್ 9

ಕೋತಿ,

ನಿನ್ನ ಪತ್ರ ಬಂತು. ಬೆಳಕಿಗೆ ಹಿಡಿದು ನೋಡಿದೆ, ಕಿವಿ ಹತ್ತಿರ ಅಲ್ಲಾಡಿಸಿದೆ, ಆಮೇಲೆ ನಮ್ಮ ಅಂಗಡಿಯ ಇಸ್ತ್ರಿಯಣ್ಣನ ಕೈಲಿ ಒಡೆಸಿದೆ. ಹೋದ ಸಲ "ಮಂಡಿ ನೋವಿನ ಔಷಧಿ" ಅಂತ ನೀನು ಕಳಿಸಿದ ಡಬ್ಬಿಯಿಂದ ಸ್ಪ್ರಿಂಗ್ ಕಪ್ಪೆ ಹಾರಿ, ಗಿರಾಕಿಯ ಕೋಟಿನ ಬಟ್ಟೆಯಲ್ಲಿ ನನ್ನ ಕತ್ತರಿ ಅಡ್ಡ ಹೋಗಿದ್ದನ್ನು ನಾನು ಮರೆತಿಲ್ಲ.

ಕಾಲು ಅಳೆಯುವ ಕೆಲಸವಂತೆ! ಕೇಳಿದವರು ನಗಬೇಕು. ನನ್ನ ಕಾಲಿನ ಅಳತೆ ತಗೊಂಡು ಯಾವ ಗೋಡೆ ಮೇಲೆ ಬರೆಯಬೇಕು ಅಂತಿದ್ದೀಯ?

ಫೋನಿನಲ್ಲೇ ಕೇಳಬಹುದಿತ್ತಲ್ಲ ಅಂತ ಇಸ್ತ್ರಿಯಣ್ಣ ಅಂದ. ಅವನಿಗೆ ನೆನಪು ಕಡಿಮೆ. "ಟೆಲಿಫೋನ್ ಕಚೇರಿಯಿಂದ ಮಾತಾಡ್ತಿದ್ದೀವಿ, ತಂತಿ ಒಳಗಿನ ಧೂಳು ಊದ್ತೀವಿ, ಫೋನನ್ನು ಚೀಲದೊಳಗೆ ಹಾಕಿ ಬಾಯಿ ಬಿಗಿಹಿಡಿಯಿರಿ" ಅಂತ ಗಂಡುದನಿಯಲ್ಲಿ ಹೇಳಿದ್ದು ನೀನು. ಒಂದು ಮಧ್ಯಾಹ್ನವಿಡೀ ಚೀಲ ಹಿಡಿದು ನಿಂತಿದ್ದು ಅವನು. ಅವತ್ತಿನಿಂದ ನಿನ್ನ ಫೋನು ನಾನು ಎತ್ತುವುದಿಲ್ಲ. ಹೇಳೋದೇನಿದ್ದರೂ ಕಾಗದದಲ್ಲಿ ಬರಲಿ. ಕಾಗದಕ್ಕೆ ದನಿ ಬದಲಾಯಿಸಲು ಬರುವುದಿಲ್ಲ.

ನನ್ನ ಕಾಲಿಗೇನೂ ಆಗಿಲ್ಲ. ಸಕ್ಕರೆ ಇಲ್ಲ, ಗಾಯ ಇಲ್ಲ, ಹೃದಯ ನೀನು ದೂರ ಇರುವಷ್ಟು ದಿನ ಚೆನ್ನಾಗಿರುತ್ತದೆ. ಆದರೂ ನೀನು ಬಿಡುವವಳಲ್ಲ. ಬರೆದುಕೋ: ಕಾಲಗಂಟು ಒಂಬತ್ತೂವರೆ ಇಂಚು, ಮೀನಖಂಡ ಹದಿನೈದು, ಉದ್ದ ಹದಿನೈದೂವರೆ. ಸುತ್ತಳತೆಗೆ ಒಂದೊಂದು ಇಂಚು ಸಡಿಲ ಸೇರಿಸಿದ್ದೇನೆ. ಉಸಿರಾಡುವ ಮೈಗೆ ಸಡಿಲ ಬಿಡದೆ ಹೊಲಿಯುವುದು ನನ್ನ ಕೈಯಲ್ಲಿ ಆಗದು. ಬಲಗಾಲು ಅಳೆದಿದ್ದೇನೆ, ಎಡಗಾಲೂ ಅಷ್ಟೇ.

ಊರನ್ನೆಲ್ಲ ಅಳೆದವಳು ನಾನು. ನನ್ನನ್ನು ಟೇಪಿನಲ್ಲಿ ಸುತ್ತುವ ಕಾಲ ಬಂತಲ್ಲ.

ಅತ್ತೆ

*

ಜೂನ್ 14

ಸಡಿಲ ಸಂರಕ್ಷಕಿಯಾದ ಅತ್ತೆಯವರಿಗೆ,

ತಮ್ಮ ಅಳತೆ ಓದಿ ಸಿಸ್ಟರಮ್ಮ ಮೊದಲ ಬಾರಿಗೆ ನಕ್ಕರು. "ಕಾಲಿಗೂ ಸಡಿಲ ಬಿಟ್ಟಿದ್ದಾರಲ್ಲ!" ಎಂದು ಒಂದೊಂದು ಇಂಚು ಕಳೆದರು. ಆಮೇಲೆ ನಗು ನಿಲ್ಲಿಸಿ, "ಎಡಗಾಲಿನ ಅಳತೆ ಎಲ್ಲಿ?" ಅಂದರು.

"ನಮ್ಮತ್ತೆ ಕಟಿಂಗ್ ಮಾಸ್ಟರು. ಅಷ್ಟೇ ಅಂದರೆ ಅಷ್ಟೇ," ಅಂದೆ.

"ಬಟ್ಟೆಗೆ ಮಾಸ್ಟರು. ಬರೆದು ತರಿಸು, ಆಮೇಲೆ ಕಳಿಸು."

ನನಗೆ ಅಷ್ಟೆಲ್ಲ ತಾಳ್ಮೆಯಿಲ್ಲ. ಅದಕ್ಕೇ ಕಳಿಸಿದ್ದೇನೆ. ಮೊಣಕಾಲಿನ ಕೆಳಗಿನವರೆಗಿನ ಜೋಡಿ, ಬಿಗಿ ಕಡಿಮೆ ದರ್ಜೆಯದು. ಹೆಚ್ಚು ಬಿಗಿಯದನ್ನು ಡಾಕ್ಟರು ಬರೆದುಕೊಟ್ಟರೆ ಮಾತ್ರ ಕೊಡುವುದು.

ಈಗ ರಾಜಾಜ್ಞೆ ಕೇಳುವವಳಾಗು. ಬೆಳಗ್ಗೆ ಎದ್ದೊಡನೆ ತೊಡತಕ್ಕದ್ದು, ಮಲಗುವಾಗ ಕಳಚತಕ್ಕದ್ದು. ಕಾಲು ಒಣಗಿರಬೇಕು, ಎಣ್ಣೆ ಸವರಿಕೊಂಡು ಹೋರಾಡಕೂಡದು. ಒಳಗೆ ಕೈ ಹಾಕಿ ಚೀಲದ ಹಿಮ್ಮಡಿ ಹಿಡಿದು ಒಳಮಗ್ಗುಲು ಹೊರಗೆ ಬರುವಂತೆ ತಿರುಗಿಸು, ಮೊದಲು ಪಾದ ಕೂರಿಸು, ಆಮೇಲೆ ಸ್ವಲ್ಪ ಸ್ವಲ್ಪವೇ ಮೇಲಕ್ಕೆ. ಉಂಗುರ ತೆಗೆದಿಡು. ಸುಕ್ಕು ಉಳಿದರೆ ಸವರಿ ಸರಿಮಾಡು. ಉದ್ದವಾಯಿತೆಂದು ಮೇಲಂಚನ್ನು ಮಡಚುವುದು, ಸುರುಳಿ ಸುತ್ತುವುದು ರಾಜದ್ರೋಹ. ಮಡಚಿದ ಕಡೆ ಬಿಗಿ ಇಮ್ಮಡಿಯಾಗಿ ಹಗ್ಗ ಕಟ್ಟಿದ ಹಾಗಾಗುತ್ತದೆ. ಬೆರಳು ಮರಗಟ್ಟಿದರೆ, ಬಣ್ಣ ತಿರುಗಿದರೆ, ನೋವಾದರೆ ಆ ಕ್ಷಣ ತೆಗೆದು ನನಗೂ ಡಾಕ್ಟರಿಗೂ ಹೇಳತಕ್ಕದ್ದು.

ಎಡಗಾಲೂ ಅಳೆದು ಬರೆ. ಸಿಸ್ಟರಮ್ಮ ನನ್ನನ್ನು ನೋಡುವ ನೋಟ ಸರಿಯಿಲ್ಲ.

ಇಂತು,
ರಾಜಮುದ್ರೆ ಇಲ್ಲದ ಕಾರಣ ಹೆಬ್ಬೆಟ್ಟು ಒತ್ತಿದ,
ಕೋತಿ

*

ಜೂನ್ 20

ಏನೇ ಕೋತಿ,

ಪಾರ್ಸೆಲ್ಲನ್ನು ಬಾಗಿಲ ಹೊರಗೆ ಇಟ್ಟು, ಉದ್ದ ಕತ್ತರಿಯಲ್ಲಿ ದೂರದಿಂದ ಕತ್ತರಿಸಿದೆ. ಏನೂ ಹಾರಲಿಲ್ಲ. ಆಗಲೇ ಗುಮಾನಿ ಹೆಚ್ಚಾಯಿತು.

ಒಳಗಿದ್ದದ್ದು ಏನು? ಬೊಂಬೆಯ ಕಾಲುಚೀಲ! ಇದು ನನ್ನ ಕಾಲಿಗೆ? ಇಸ್ತ್ರಿಯಣ್ಣ ಕೈಗೆ ಹಾಕಿಕೊಂಡು ನೋಡಿದ. ಮೊಣಕೈವರೆಗೂ ಹೋಗಲಿಲ್ಲ. "ಮಾಸ್ಟರಮ್ಮ, ಇದನ್ನು ಸೋರೆಕಾಯಿಗೆ ಹೊಲಿದಿರಬೇಕು," ಅಂದ. ಗಿರಾಕಿಗಳ ಎದುರಿಗೆ ಎಲ್ಲರೂ ನಕ್ಕರು. ನಾನು ಅಳತೆ ತಪ್ಪಿ ಕೊಟ್ಟವಳಲ್ಲ. ನೀನೇ ಹುಡುಕಿ ಹುಡುಕಿ ಸಣ್ಣದು ಕಳಿಸಿದ್ದೀಯ. ನಾನು ನೆಲದ ಮೇಲೆ ಕೂತು ಎಳೆದಾಡುವುದನ್ನು ನೆನೆದು ನೀನು ಅಲ್ಲಿ ಹೊಟ್ಟೆ ಹಿಡಿದು ನಗುತ್ತಿದ್ದೀಯ.

ಎಳೆದಾಡಿದ್ದು ನಿಜ. ಅದನ್ನು ಮಾತ್ರ ಯಾರಿಗೂ ಹೇಳಬೇಡ.

ಅತ್ತೆ

*

ಜೂನ್ 24

ಅತ್ತೇ,

ನನ್ನ ಮೇಲಾಣೆ ಎಂದರೆ ನೀನು ನಂಬುವುದಿಲ್ಲ. ಸಿಸ್ಟರಮ್ಮನ ಮೇಲಾಣೆ. ಅವರ ಮೇಲೆ ಸುಳ್ಳಾಣೆ ಇಡುವ ಧೈರ್ಯ ನನಗಿಲ್ಲ.

ಅದು ಬೊಂಬೆಯದಲ್ಲ. ಬಿಗಿಯಾಗಿರುವುದೇ ಅದರ ಕಸುಬು. ಇಸ್ತ್ರಿಯಣ್ಣನ ಕೈ ಸಾಕ್ಷಿ ಇಲ್ಲಿ ಚಲಾವಣೆಯಾಗುವುದಿಲ್ಲ. ಒಗೆಯುವಾಗ ಹಾಕಿಕೊಳ್ಳುವ ರಬ್ಬರ್ ಕೈಗವಸು ತೊಟ್ಟು ಎಳೆ, ಜಾರುವುದಿಲ್ಲ. ಕುರ್ಚಿ ಮೇಲೆ ಕೂತು ಎಳೆ, ನೆಲದ ಮೇಲಲ್ಲ. ತೊಟ್ಟ ಮೇಲೆ ಅಪ್ಪಿ ಹಿಡಿದ ಹಾಗಿರಬೇಕು, ಕಚ್ಚಿ ಹಿಡಿದ ಹಾಗಿರಬಾರದು. ನೋಯುತ್ತಿದ್ದರೆ ತೆಗೆದುಬಿಡು, ವಾಪಸ್ ಕಳಿಸು, ಬೇರೆ ನೋಡೋಣ.

ಎಡಗಾಲಿನ ಅಳತೆ ನೀನು ಇನ್ನೂ ಬರೆದಿಲ್ಲ.

ಇಂತು,
ನಿರಪರಾಧಿ ಎಂದು ತನಗೆ ತಾನೇ ತೀರ್ಪು ಕೊಟ್ಟುಕೊಂಡ,
ಕೋತಿ

*

ಜುಲೈ 2

ಕೋತಿ,

ಹಾಕಿಕೊಂಡೆ. ರಬ್ಬರ್ ಗವಸಿನ ಉಪಾಯ ಕೆಲಸ ಮಾಡಿತು. ಎರಡೂ ಕಾಲಿಗೆ ಸರಿಯಾಗಿ ಕೂತವು. ಸಂಜೆ ಹೊತ್ತಿಗೆ ಕಾಲು ಅಷ್ಟೊಂದು ಭಾರ ಇರಲಿಲ್ಲ. ಇದನ್ನು ಬರೆಯಲು ಎಷ್ಟು ಕಷ್ಟವಾಗುತ್ತಿದೆ ಗೊತ್ತಾ? ನೀನು ಇದನ್ನು ಕಟ್ಟು ಹಾಕಿಸಿ ಗೋಡೆಗೆ ನೇತುಹಾಕುತ್ತೀಯ.

ಆದರೂ ಎಲ್ಲೋ ಏನೋ ಇದೆ ಅಂತ ಕಾಯುತ್ತಿದ್ದೇನೆ. ಒದ್ದೆಯಾದರೆ ಬಣ್ಣ ಬಿಡುತ್ತದಾ? ನಡೆದರೆ ಪೀಪಿ ಊದುತ್ತದಾ? ಕೈಯಲ್ಲೇ ಒಗೆದು ನೆರಳಲ್ಲಿ ಒಣಗಿಸಿದೆ. ಏನೂ ಆಗಲಿಲ್ಲ. ನೀನು ಏನೂ ಮಾಡದೆ ಇರುವುದು ನನಗೆ ಸರಿಹೋಗುತ್ತಿಲ್ಲ.

ಬಲದ್ದು ಎಡದ್ದು ಬೆರೆಯದಿರಲಿ ಅಂತ ಎಡದ್ದರ ಒಳಗೆ ಕೆಂಪು ದಾರದಲ್ಲಿ ಒಂದು ಚುಕ್ಕೆ ಹಾಕಿದ್ದೇನೆ.

ಶುಕ್ರವಾರ ಬಟ್ಟೆ ಖರೀದಿಗೆ ಹೋಗಬೇಕು. ಹೋಗಿ ಬರೋಕೆ ಬಸ್ಸಿನಲ್ಲೇ ಒಂದು ಹಗಲು. ಬರುವಾಗ ಕಾಲಿನ ಕೆಳಗೆ ಬಟ್ಟೆಯ ಮೂಟೆ ಇರುತ್ತದೆ, ಮಂಡಿ ಎದೆಗೆ ತಾಗುತ್ತದೆ. ನಿನ್ನ ಈ ಚೀಲಗಳನ್ನು ಆ ನೂಕುನುಗ್ಗಲಿಗೆ ಹಾಕಿಕೊಂಡು ಹೋಗಿ ಹಾಳುಮಾಡುವುದಿಲ್ಲ. ಮನೆಯಲ್ಲೇ ಮಡಚಿಟ್ಟು ಹೋಗುತ್ತೇನೆ.

ಅತ್ತೆ

*

ಜುಲೈ 5

ಅತ್ತೇ,

ಹಾಳುಮಾಡು! ಬಸ್ಸಿಗೇ ಅಲ್ಲವೇ ಅದು ಬೇಕಾದದ್ದು! ಈ ಪತ್ರ ತಲುಪುವಷ್ಟರಲ್ಲಿ ನೀನು ಹೋಗಿ ಬಂದಾಗಿರುತ್ತದೆ. ಆದರೂ ಬೈದು ಬರೆಯುತ್ತಿದ್ದೇನೆ, ಬೈಗುಳ ಹಳಸುವುದಿಲ್ಲ. ಹಾಗೆ ಕಾಲು ಮಡಚಿ ದಿನವಿಡೀ ಕೂತರೆ ಕಾಲಿನ ರಕ್ತ ನಿಂತಲ್ಲೇ ನಿಲ್ಲುತ್ತದೆ. ಬಸ್ಸು ನಿಂತ ಕಡೆಯೆಲ್ಲ ಇಳಿದು ನಾಲ್ಕು ಹೆಜ್ಜೆ ಹಾಕಬೇಕಿತ್ತು. ಪಾದ ಮೇಲೆ ಕೆಳಗೆ ಆಡಿಸಬೇಕಿತ್ತು.

ಹೇಗಿದ್ದೀಯ? ಬೇಗ ಬರೆ. ಎಡಗಾಲಿನ ಅಳತೆಯನ್ನೂ ಬರೆ.

ಇಂತು,
ಬೈಗುಳ ದಾಸ್ತಾನಿನ ಉಸ್ತುವಾರಿ,
ಕೋತಿ

*

ಜುಲೈ 16

ಪ್ರೀತಿಯ ಮಗಳೇ,

ನಿನ್ನ ಪತ್ರ ತಲುಪಿ ಸಂತೋಷವಾಯಿತು. ಖರೀದಿ ಚೆನ್ನಾಗಿ ಆಯಿತು. ನಾನು ಆರೋಗ್ಯವಾಗಿದ್ದೇನೆ. ಸಾಕ್ಸು ಬಹಳ ಅನುಕೂಲವಾಗಿದೆ. ನಿನಗೆ ತುಂಬಾ ಧನ್ಯವಾದಗಳು. ನನ್ನ ಬಗ್ಗೆ ಚಿಂತೆ ಮಾಡಬೇಡ. ಹೊತ್ತಿಗೆ ಸರಿಯಾಗಿ ಊಟ ಮಾಡು.

ನಿನ್ನ ಪ್ರೀತಿಯ ಅತ್ತೆ

*

ಜುಲೈ 19

ಇದನ್ನು ಬರೆದವರು ಯಾರೇ ಆಗಿರಲಿ, ಅವರಿಗೆ—

ಜುಲೈ 16ರ ಪತ್ರ ನನ್ನ ಅತ್ತೆಯ ಹೆಸರಿನಲ್ಲಿ ಬಂದಿದೆ. ಅಕ್ಷರ ಅವಳದೇ. ಆದರೆ ನನ್ನ ಅತ್ತೆ ಹುಟ್ಟಿದಾಗಿನಿಂದ ಯಾರಿಗೂ ಧನ್ಯವಾದ ಹೇಳಿದವಳಲ್ಲ. ನನ್ನನ್ನು "ಪ್ರೀತಿಯ ಮಗಳೇ" ಎಂದು ಕರೆದದ್ದು ಒಂದೇ ಸಲ, ನನಗೆ ವಿಪರೀತ ಜ್ವರ ಬಂದಿದ್ದಾಗ. ಈಗ ಜ್ವರ ಯಾರಿಗೆ?

ಅಥವಾ ನೀನು ಸೇಡಿಗೆ ಇಳಿದಿದ್ದೀಯ. ಬೆಣ್ಣೆ ಹಚ್ಚಿ ನನ್ನನ್ನು ಎಲ್ಲೋ ಬೀಳಿಸಲು ಹೊರಟಿದ್ದೀಯ. ಹಾಗಿದ್ದರೆ ಮೆಚ್ಚಿದೆ. ಆದರೂ ವಿಚಾರಣೆ ನಡೆಯಬೇಕು. ಸಾಕ್ಷಿಯ ಕಟಕಟೆಯಲ್ಲಿ ನಿಂತು ಉತ್ತರಿಸು: ಸಾಕ್ಸನ್ನು ದಿನವೂ ತೊಡುತ್ತಿದ್ದೀಯಾ? ಎರಡನ್ನೂ? ಎಡಗಾಲಿನ ಅಳತೆ ಕೇಳಿದಾಗಲೆಲ್ಲ ಮಾತು ತಪ್ಪಿಸುವುದು ಯಾಕೆ? ಪುರಾವೆ ಒದಗಿಸತಕ್ಕದ್ದು.

ಇಂತು,
ಯಾರನ್ನೂ ನಂಬದ ಸರ್ಕಾರಿ ವಕೀಲೆ,
ಕೋತಿ

*

ಜುಲೈ 22

ವಕೀಲಮ್ಮ,

ಪುರಾವೆ ತಾನೇ? ತಗೋ. ಸಾಕ್ಸನ್ನೇ ಕಳಿಸಿದ್ದೇನೆ. ನಿನ್ನ ಮನಸ್ಸಿಗೆ ನೋವಾಗಬಾರದು ಅಂತ ಸುಮ್ಮನಿದ್ದೆ, ನೀನೇ ಬಾಯಿ ಬಿಡಿಸಿದೆ.

ನಿಮ್ಮ ಕಾರ್ಖಾನೆಯವರಿಗೆ ಕಟಿಂಗ್ ಬರುವುದಿಲ್ಲ. ಜೋಡಿಯಲ್ಲಿ ಒಂದು ತಪ್ಪಿದೆ. ಮೊದಮೊದಲು ಗೊತ್ತಾಗಲಿಲ್ಲ, ಒಗೆದ ಮೇಲೆ ಒಂದೇ ಕುಗ್ಗಿರಬೇಕು. ಅಷ್ಟಕ್ಕೆ ಎಸೆಯುತ್ತಾರಾ? ಹಿಂದುಗಡೆ ಮೇಲಿಂದ ಕೆಳಗೆ ಬಿಚ್ಚಿ, ಮೂರು ಬೆರಳು ಅಗಲದ ಹಿಗ್ಗುವ ಬಟ್ಟೆ ಕೂಡಿಸಿ, ಒಳಹೊಲಿಗೆ ಹಾಕಿ, ಮೇಲಂಚಿಗೆ ಗಟ್ಟಿ ಪಟ್ಟಿ ಕೊಟ್ಟಿದ್ದೇನೆ. ಹೊಲಿಗೆ ಎಲ್ಲಾದರೂ ಕಂಡರೆ ನನ್ನನ್ನು ಮಾಸ್ಟರು ಅನ್ನಬೇಡ. ನಿಮ್ಮ ಯಜಮಾನರಿಗೆ ತೋರಿಸು. ಇನ್ನು ಮೇಲೆ ಎಲ್ಲದಕ್ಕೂ ಹೀಗೇ ಮಾಡಿಸಲಿ.

ನೋಡಿದ ಮೇಲೆ ಬೇಗ ವಾಪಸ್ ಕಳಿಸು. ಈಗ ಕುರ್ಚಿ ಮೇಲೆ ಕೂತೇ ಕಟಿಂಗ್ ಮಾಡುತ್ತಿದ್ದೇನೆ, ಹಾಗೇ ಒಂದು ಬದಲಾವಣೆಗೆ.

ಅತ್ತೆ

*

ಜುಲೈ 24

ಅತ್ತೆ,

ಈ ಪತ್ರವನ್ನು ನಿಮ್ಮೂರ ಬಸ್ಸಿನ ಕಂಡಕ್ಟರ್ ಕೈಯಲ್ಲಿ ಕೊಟ್ಟಿದ್ದೇನೆ. ಈಗಷ್ಟೇ ಅಂಗಡಿಗೆ ಫೋನ್ ಮಾಡಿದೆ. ಇಸ್ತ್ರಿಯಣ್ಣ ಎತ್ತಿ, "ಇವತ್ತೂ ಧೂಳು ಊದ್ತೀಯೇನಮ್ಮ?" ಅಂತ ನಕ್ಕು ಫೋನನ್ನು ಚೀಲದೊಳಗೆ ಹಾಕಿದ. ಎಷ್ಟು ಕೂಗಿದರೂ ಕೇಳಿಸಲಿಲ್ಲ.

ಸಾಕ್ಸ್ ಬಂತು. ನಾವೆಲ್ಲ ನಕ್ಕೆವು. ಸಿಸ್ಟರಮ್ಮ ನಗುತ್ತಲೇ ಒಳಮಗ್ಗುಲು ತಿರುಗಿಸಿದರು. ಬಿಚ್ಚಿ ಅಗಲ ಮಾಡಿದ್ದರಲ್ಲಿ ನಿನ್ನ ಕೆಂಪು ಚುಕ್ಕೆ ಇದೆ. ಬಲದ್ದನ್ನು ನೀನು ಮುಟ್ಟಿಯೇ ಇಲ್ಲ. ಎರಡನ್ನೂ ನಾನೇ ನೋಡಿ ಕಟ್ಟಿದ್ದು, ಎರಡೂ ಒಂದೇ ಅಳತೆಯವು. ತಿಂಗಳ ಮೊದಲಲ್ಲಿ ಎರಡೂ ಸರಿಯಾಗಿ ಕೂತವು ಎಂದು ನೀನೇ ಬರೆದಿದ್ದೀಯ. ತಪ್ಪಿರುವುದು ಸಾಕ್ಸ್ ಅಲ್ಲ ಅತ್ತೆ. ಬಸ್ಸಿನಲ್ಲಿ ಹೋಗಿ ಬಂದ ಮೇಲೆ ನಿನ್ನ ಎಡಗಾಲು ಊದಿದೆ.

ಒಂದೇ ಕಾಲು ಹೀಗೆ ಊದಿದರೆ ಒಳಗಿನ ನಾಳದಲ್ಲಿ ರಕ್ತ ಹೆಪ್ಪುಗಟ್ಟಿರಬಹುದು ಅನ್ನುತ್ತಾರೆ ಸಿಸ್ಟರಮ್ಮ. ಅದು ಕಿತ್ತು ಶ್ವಾಸಕೋಶಕ್ಕೆ ಹೋದರೆ ಜೀವಕ್ಕೇ ಅಪಾಯ. ಏನನ್ನೂ ಬಿಗಿಯಾಗಿ ಸುತ್ತಬೇಡ. ಕಾಲು ಉಜ್ಜಬೇಡ, ಒತ್ತಿಸಿಕೊಳ್ಳಬೇಡ. ಈಗಲೇ ಆಸ್ಪತ್ರೆಗೆ ಹೋಗು. ಉಸಿರು ಕಟ್ಟಿದರೆ, ಎದೆ ನೋವಾದರೆ ಒಂದು ನಿಮಿಷವೂ ಕಾಯಬೇಡ.

ನೀನು ನನ್ನನ್ನು ನಂಬುವುದಿಲ್ಲ, ಗೊತ್ತು. ನಂಬಬೇಡ. ನಿನ್ನ ಕುತ್ತಿಗೆಯಲ್ಲಿ ಟೇಪಿದೆ. ಎರಡೂ ಕಾಲು ಅಳೆ, ಸಡಿಲ ಸೇರಿಸದೆ ಅಳೆ. ಆಮೇಲೆ ಟೇಪು ಹೇಳಿದ ಹಾಗೆ ಮಾಡು.

*

ಜುಲೈ 24, ಸಂಜೆ

ಕಂಡಕ್ಟರ್ ನಿಂತಿದ್ದಾನೆ, ಅವನ ಟಿಕೆಟಿನ ಹಿಂದೆ ಬರೆಯುತ್ತಿದ್ದೇನೆ.

ಅಳೆದೆ. ಮೀನಖಂಡ, ಬಲ ಹದಿನಾಲ್ಕು. ಎಡ ಹದಿನೈದೂಮುಕ್ಕಾಲು. ಇನ್ನೊಂದು ಟೇಪು ತರಿಸಿ ಅಳೆದೆ. ಅಷ್ಟೇ ಬಂತು. ಮುಟ್ಟಿದರೆ ಬಿಸಿ.

ಇಸ್ತ್ರಿಯಣ್ಣ ಗಾಡಿ ತಂದಿದ್ದಾನೆ. ಹೊರಟೆ. ನಿನ್ನನ್ನು ನಂಬಿ ಅಲ್ಲ, ಟೇಪು ನಂಬಿ.

*

ಆಗಸ್ಟ್ 20

ಆಸ್ಪತ್ರೆಯನ್ನೂ ಗೆದ್ದು ಬಂದ ಕತ್ತರಿ ಸಾಮ್ರಾಜ್ಞಿಯವರಿಗೆ,

ನಿನ್ನ ಹಾಸಿಗೆ ಪಕ್ಕದ ಸ್ಟೂಲಿನಲ್ಲಿ ಕೂತೂ ಕೂತೂ ನನ್ನ ಬೆನ್ನು ಈಗ ಪ್ರಶ್ನಾರ್ಥಕ ಚಿಹ್ನೆಯ ಹಾಗಿದೆ. ಅಂಗಡಿಯಲ್ಲೇ ಸೊಂಟದ ಬೆಲ್ಟು ಇದೆ, ಚಿಂತೆಯಿಲ್ಲ.

ಡಾಕ್ಟರು "ಹೆಪ್ಪುಗಟ್ಟಿದೆ, ಸದ್ಯ ಮೇಲೆ ಹೋಗಿಲ್ಲ, ಇನ್ನಷ್ಟು ತಡಮಾಡಿದ್ದರೆ ಹೇಳಲಾಗುತ್ತಿರಲಿಲ್ಲ" ಎಂದಾಗ ನೀನು ಏನು ಮಾಡಿದೆ ನೆನಪಿದೆಯಾ? "ನಿಮ್ಮ ಕೋಟಿನ ಭುಜ ಸರಿಯಾಗಿ ಕೂತಿಲ್ಲ, ಬಿಚ್ಚಿಕೊಡಿ, ಸರಿ ಮಾಡಿಕೊಡ್ತೀನಿ" ಅಂದೆ. ಅವರು ಬಿಚ್ಚಿಕೊಟ್ಟೇಬಿಟ್ಟರು! ನಾನು ಹೊರಗೆ ಹೋಗಿ ಅತ್ತು ಬಂದೆ. ಇದನ್ನು ಮಾತ್ರ ಯಾರಿಗೂ ಹೇಳಬೇಡ.

ಈಗ ಆಜ್ಞೆಗಳು. ರಕ್ತ ತೆಳುವಾಗುವ ಮಾತ್ರೆ ಹೊತ್ತಿಗೆ ಸರಿಯಾಗಿ ನುಂಗತಕ್ಕದ್ದು. ಆ ಮಾತ್ರೆ ಇರುವವರೆಗೆ ಗಾಯವಾದರೆ ರಕ್ತ ಬೇಗ ನಿಲ್ಲುವುದಿಲ್ಲ, ಕತ್ತರಿ ಸೂಜಿ ಜೋಪಾನ. ಸಾಕ್ಸನ್ನು ಡಾಕ್ಟರು ತೊಡು ಎಂದ ದಿನ ತೊಡತಕ್ಕದ್ದು, ಅವರು ಹೇಳಿದ ಬಿಗಿಯದ್ದನ್ನೇ. ಅದಕ್ಕೆ ಸಿಸ್ಟರಮ್ಮ ಖುದ್ದಾಗಿ ಎರಡೂ ಕಾಲು ಅಳೆಯುತ್ತಾರಂತೆ. ಇನ್ನು ಮೇಲೆ ಎಡಗಾಲು ನೋಡದೆ ಯಾರಿಗೂ ಜೋಡಿ ಕಟ್ಟಿಕೊಡಕೂಡದು ಎಂದು ನನಗೂ ಕಟ್ಟಪ್ಪಣೆಯಾಗಿದೆ.

ಹೊಲಿಗೆ ಬಿಚ್ಚುವ ನಿನ್ನ ಆ ಪುಟ್ಟ ಆಯುಧ ಕಾಣೆಯಾಗಿದ್ದರೆ ಹುಡುಕಬೇಡ. ನನ್ನ ಹತ್ತಿರ ಇದೆ. ಸಾಕ್ಸಿನ ವಿಷಯದಲ್ಲಿ ನನಗೆ ಇನ್ನೂ ನಿನ್ನ ಮೇಲೆ ನಂಬಿಕೆ ಬಂದಿಲ್ಲ.

ಇಂತು,
ಎಡಗಾಲಿನ ಖಾಸಾ ಪಹರೆ,
ಕೋತಿ

*

ಸೆಪ್ಟೆಂಬರ್ 4

ಕೋತಿ,

ಬಲ ಹದಿನಾಲ್ಕು, ಎಡ ಹದಿನಾಲ್ಕೂಕಾಲು. ಸಡಿಲ ಇಲ್ಲ. ಬೇಕಾದರೆ ಇಸ್ತ್ರಿಯಣ್ಣನ ಸಹಿ ಹಾಕಿಸುತ್ತೇನೆ.

ಆಗ ಯಾಕೆ ಹೇಳಲಿಲ್ಲ ಅಂತ ಆಸ್ಪತ್ರೆಯಲ್ಲಿ ಎಷ್ಟು ಸಲ ಕೇಳಿದೆ ನೀನು. ಬಸ್ಸಿಳಿದ ಮಾರನೆಯ ದಿನದಿಂದಲೇ ನೋಯುತ್ತಿತ್ತು. ನಿಲ್ಲೋಕೆ ಆಗಲ್ಲ ಅಂತ ಒಪ್ಪಿಕೊಂಡರೆ ಟೇಬಲ್ ಬಿಟ್ಟುಕೊಡಬೇಕು. ಟೇಬಲ್ ಬಿಟ್ಟ ಮಾಸ್ಟರು ಯಾರು? ಸಾಕ್ಸೇ ಕುಗ್ಗಿದೆ ಅಂದುಕೊಳ್ಳುವುದು ಸುಲಭವಾಯಿತು. ಈಗ ಎತ್ತರದ ಕುರ್ಚಿ ಮಾಡಿಸಿದ್ದೇನೆ. ಕೂತು ಒಂದಷ್ಟು, ನಡೆದು ಒಂದಷ್ಟು. ಟೇಬಲ್ ಎಲ್ಲೂ ಹೋಗಿಲ್ಲ.

ಅಂಗಡಿಯಲ್ಲಿ ಈಗ ಎಲ್ಲರಿಗೂ ಎರಡೂ ತೋಳು ಅಳೆಯುತ್ತೇನೆ. ಗಿರಾಕಿಗಳಿಗೆ ಅನುಮಾನ. "ಏನು ಮಾಸ್ಟರಮ್ಮ, ಕಣ್ಣು ಮಂದ ಆಯ್ತಾ?" ಅಂತ ಕೇಳುತ್ತಾರೆ. ಕೇಳಲಿ.

ಫೋನ್ ಮಾಡು, ಎತ್ತುತ್ತೇನೆ. ಚೀಲ ಮಾತ್ರ ಪಕ್ಕದಲ್ಲೇ ಇರುತ್ತದೆ.

ಜೊತೆಗೆ ಒಂದು ಅಂಗಿ ಕಳಿಸಿದ್ದೇನೆ. ನೀನು ಅದನ್ನು ಮೈಗೆ ಹಾಕುವ ಮೊದಲು ಕೊಡವುತ್ತೀಯ, ಜೇಬು ತಡಕುತ್ತೀಯ, ಆಮೇಲೆ ತೋಳಿಗೆ ತೋಳು ಜೋಡಿಸಿ ನೋಡಿ, ಎಡದ್ದು ಒಂದು ಇಂಚು ಗಿಡ್ಡ, ಅತ್ತೆ ಸೇಡು ತೀರಿಸಿಕೊಂಡಳು ಅಂತ ಕುಣಿಯುತ್ತೀಯ. ಸೇಡಲ್ಲ. ಚಿಕ್ಕವಳಿದ್ದಾಗ ನನ್ನನ್ನು ಹೆದರಿಸೋಕೆ ಕಟಿಂಗ್ ಟೇಬಲ್ ಮೇಲಿಂದ ಹಾರಿ ಎಡಗೈ ಮುರಿದುಕೊಂಡೆಯಲ್ಲ, ಅದು ಕೂಡಿಕೊಂಡಾಗ ಕೂದಲೆಳೆ ಗಿಡ್ಡ ಉಳಿಯಿತು. ನೀನು ಬೆಳೆದೆ, ಆ ವ್ಯತ್ಯಾಸವೂ ಬೆಳೆಯಿತು, ನಿನಗೆ ಗೊತ್ತಾಗದಿರಲಿ ಅಂತ ನಾನು ತೋಳನ್ನೇ ಗಿಡ್ಡ ಮಾಡುತ್ತಾ ಬಂದೆ. ನಿಮ್ಮೂರಿನ ದರ್ಜಿಗಳು ಪಾಪದವರು. ಅವರೂ ನನ್ನ ಹಾಗೇ ಒಂದು ಕಡೆ ಅಳೆಯುವವರು.

ಊರಿಗೆಲ್ಲ ಒಂದೇ ತೋಳು ಅಳೆದೆ. ನಿನಗೆ ಮಾತ್ರ ಯಾವತ್ತೂ ಎರಡೂ.

ನಂಬಬೇಡ. ಟೇಪು ತಗೋ.

ಅತ್ತೆ

*

ಸೆಪ್ಟೆಂಬರ್ 8

ಅತ್ತೆ,

ಕೊಡವಿದೆ. ಜೇಬು ತಡಕಿದೆ. ತೋಳಿಗೆ ತೋಳು ಜೋಡಿಸಿ ಕುಣಿದೆ. ಆಮೇಲೆ ನಿನ್ನ ಪತ್ರ ಓದಿದೆ.

ಅಳೆದೆ. ಟೇಪಿನ ಒಂದು ತುದಿ ಸಿಸ್ಟರಮ್ಮ ಹಿಡಿದಿದ್ದರು. ಎರಡು ಸಲ ಅಳೆಸಿದೆ, ಮೂರನೆಯ ಸಲಕ್ಕೆ ಅವರು, "ಸಾಕು ಬಿಡು, ಅಷ್ಟೇ ಇದೆ," ಅಂದರು.

ಅಂಗಿ ಹಾಕಿಕೊಂಡೇ ಬರೆಯುತ್ತಿದ್ದೇನೆ. ಎರಡೂ ಕೈ ಹೊರಗೆ ಕಾಣುತ್ತಿವೆ.

ಕೋತಿ